ಕಾರಣವಿಲ್ಲದ ನಾಲ್ಕು ಚಕ್ರ

ಮುಂಬಯಿಯಲ್ಲಿ ನಲವತ್ತು ದಾಟಿದವರು ಬೆಳಗಿನ ಹೊತ್ತು ಮೈ ದಂಡಿಸುವುದಕ್ಕೆ ಯಾರ ಅಭ್ಯಂತರವೂ ಇಲ್ಲ. ಆದರೆ ಅದಕ್ಕೊಂದು ಕಾರಣ ಇರಬೇಕು. ಓಡುವವರಿಗೆ ಜನವರಿಯ ಮ್ಯಾರಥಾನ್ ಇದೆ, ನಡೆಯುವವರಿಗೆ ಸಕ್ಕರೆ ಕಾಯಿಲೆ ಇದೆ, ಸೈಕಲ್ ತುಳಿಯುವವರಿಗೆ ಡಾಕ್ಟರರ ಸಲಹೆ ಇದೆ, ಯೋಗ ಮಾಡುವವರಿಗಂತೂ ಜೂನ್ 21ರಂದು ಇಡೀ ಜಗತ್ತೇ ಜೊತೆಗಿದೆ. ನಿಂತು ಸವಾರಿ ಮಾಡುವ ನಾಲ್ಕು ಚಕ್ರದ ಹಲಗೆಯನ್ನು, ಅಂದರೆ ಸ್ಕೇಟ್‌ಬೋರ್ಡನ್ನು, ಕಂಕುಳಲ್ಲಿ ಹಿಡಿದು ಹೊರಟ ಗೃಹಸ್ಥನಿಗೆ ಮಾತ್ರ ಹೇಳಿಕೊಳ್ಳಲು ಏನೂ ಇಲ್ಲ. ಭಾನುವಾರ ಮುಲುಂಡಿನಲ್ಲಿ ಲೋಕಲ್ ಹತ್ತಿ ಕುಳಿತರೆ ಪಕ್ಕದವರು ಕೇಳುವುದು ಒಂದೇ ಪ್ರಶ್ನೆ: "ಮಗನದ್ದಾ?" ಹೌದೆಂದು ತಲೆಯಾಡಿಸಿದರೆ ಮಾತು ಶಾಲೆ, ಟ್ಯೂಷನ್, ಈಗಿನ ಮಕ್ಕಳ ಹಟ ಎಂದು ಸುಖವಾಗಿ ಸಾಗುತ್ತದೆ, ನನ್ನದೇ ಎಂದರೆ ಅವರು ಕಿಟಕಿಯಾಚೆಯ ಭಾಂಡುಪನ್ನು ಬಹಳ ಆಸಕ್ತಿಯಿಂದ ನೋಡತೊಡಗುತ್ತಾರೆ.

ಈ ಗೀಳು ಅಂಟಿದ್ದು ಮಾಟುಂಗಾದಲ್ಲಿ, ದುಬೈಯಲ್ಲಿದ್ದ ಸೋದರಮಾವ ರಜೆಗೆ ಬಂದಾಗ ತಂದುಕೊಟ್ಟ ಒಂದು ಹಲಗೆಯಿಂದ. ಊರಿನವರು ಕೊಲ್ಲಿಯಿಂದ ಟೇಪ್‌ರೆಕಾರ್ಡರು, ಟಾರ್ಚು, ಅತ್ತರು ತರುತ್ತಿದ್ದ ಕಾಲದಲ್ಲಿ ಮಾವನಿಗೆ ಇದನ್ನು ತರಬೇಕೆಂದು ಏಕೆ ತೋಚಿತೋ ಇಂದಿಗೂ ತಿಳಿಯದು. ಆಗ ಮಗನ ಹಲ್ಲಿಗಾಗಿ ಹೆದರುತ್ತಿದ್ದ ಅಮ್ಮ ಈಗ ಮರ್ಯಾದೆಗಾಗಿ ಹೆದರುತ್ತಾರೆ. "ಎಂತ ಮಾರಾಯ, ಈ ಪ್ರಾಯದಲ್ಲಿ ಚಕ್ರದ ಮೇಲೆ ತಿರುಗುವುದಾ? ಸಂಘದವರು ಕಂಡರೆ ಎಂತ ಹೇಳಿಯಾರು?" ಎನ್ನುವುದು ಅವರ ನಿಲುವು.

ಸ್ಕೇಟ್‌ಬೋರ್ಡಿನವನು ನಗರವನ್ನು ಅರಿಯುವುದು ಪಾದದಡಿಯಿಂದ. ಮುಂಬಯಿಯ ಸೊಬಗೆಂದು ಇತರರು ಹೊಗಳುವ ಕಟ್ಟಡಗಳ ಬಗ್ಗೆ ನನಗೆ ಹೆಚ್ಚಿನ ಅಭಿಪ್ರಾಯವಿಲ್ಲ. ಆದರೆ ಯಾವ ಬೀದಿಯಲ್ಲಿ ಕಾಂಕ್ರೀಟು ನುಣ್ಣಗಿದೆ, ಯಾವ ಕಚೇರಿಯ ಮುಂದಿನ ಕಲ್ಲುಹಾಸು ಮಳೆಯ ಮರುದಿನವೂ ಜಾರುತ್ತದೆ, ಯಾವ ಕಾವಲುಗಾರ ಏಳು ಗಂಟೆಯವರೆಗೆ ಕಂಡೂ ಕಾಣದಂತೆ ಇರುತ್ತಾನೆ ಎಂಬುದನ್ನು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಈ ವಿದ್ಯೆಗೆ ಪರಮವೈರಿಯೆಂದರೆ ಪೇವರ್ ಬ್ಲಾಕ್. ನಗರದ ಕಾಲುದಾರಿಗಳ ಮೇಲೆಲ್ಲ ಹರಡಿಕೊಂಡಿರುವ ಈ ಸಿಮೆಂಟಿನ ಇಟ್ಟಿಗೆಗಳ ಸಂದು ಸಂದಿನಲ್ಲೂ ಚಕ್ರ ತಡವರಿಸಿ, ಆ ನಡುಕ ಹಿಮ್ಮಡಿಯಿಂದ ಹೊರಟು ದವಡೆಯವರೆಗೆ ಏರುತ್ತದೆ. 99ಎ ಗಡಸುತನದ ಸಣ್ಣ ಚಕ್ರ ತೆಗೆದು 78ಎ ಮಟ್ಟದ ಮೆತ್ತನೆಯ ದೊಡ್ಡ ಚಕ್ರ ಹಾಕಿದರೆ ನಡುಕ ತಗ್ಗುತ್ತದೆ, ಆದರೆ ಕುಣಿತವೂ ತಗ್ಗುತ್ತದೆ. ವಯಸ್ಸು ಮೆತ್ತನೆಯ ಚಕ್ರದ ಪರವಾಗಿ ವಾದಿಸುತ್ತದೆ. ಒಂದೊಂದು ಭಾನುವಾರ ಗೆಲ್ಲುತ್ತದೆ ಕೂಡ. ಅಂದ ಹಾಗೆ, ಹಿಂದೆ ಈ ಚಕ್ರಗಳನ್ನು ಲೋಹದಲ್ಲೋ ಜೇಡಿಮಣ್ಣಿನ ಮಿಶ್ರಣದಲ್ಲೋ ಮಾಡುತ್ತಿದ್ದರು, ಒಂದು ಹರಳು ಅಡ್ಡ ಬಂದರೂ ಸವಾರ ನೆಲದ ಮೇಲೆ. 1970ರ ದಶಕದ ಆರಂಭದಲ್ಲಿ ಅಮೆರಿಕದ ಫ್ರಾಂಕ್ ನಾಸ್ವರ್ದಿ ಪಾಲಿಯುರಿಥೇನ್ ಚಕ್ರವನ್ನು ಮಾರುಕಟ್ಟೆಗೆ ತಂದ ಮೇಲೆಯೇ ಈ ಆಟ ಹರಳುಗಳನ್ನು ದಾಟಿಕೊಂಡು ಮುಂದೆ ಬಂದದ್ದು.

ಮಳೆಗಾಲದಲ್ಲಿ ಹಲಗೆಗೆ ರಜೆ. ಮೇಪಲ್ ಮರದ ಏಳು ಪದರಗಳನ್ನು ಅಂಟಿಸಿ ಒತ್ತಿ ಮಾಡಿದ ಅದು ನೀರು ಕುಡಿದರೆ ಬಿಗಿ ಕಳೆದುಕೊಳ್ಳುತ್ತದೆ. ಆ ದಿನಗಳಲ್ಲಿ ಉಳಿಯುವ ಕೆಲಸವೆಂದರೆ ಚಕ್ರಗಳನ್ನು ಸರಾಗವಾಗಿ ತಿರುಗಿಸುವ ಬೇರಿಂಗುಗಳನ್ನು ತೊಳೆಯುವುದು, ಅದನ್ನು ನಾನು ಸವಾರಿಗಿಂತ ಒಂದು ಗುಲಗಂಜಿಯಷ್ಟೇ ಕಡಿಮೆ ಪ್ರೀತಿಸುತ್ತೇನೆ. ಹಳೆಯ ಪತ್ರಿಕೆ ಹರಡಿ, ಚಕ್ರಕ್ಕೆ ಎರಡರಂತೆ ಎಂಟೂ ಬೇರಿಂಗುಗಳನ್ನು ಎಬ್ಬಿ ತೆಗೆದು, ಗುಂಡುಸೂಜಿಯಿಂದ ಅವುಗಳ ಮುಚ್ಚಳ ಬಿಡಿಸಿ, ಸೀಮೆಎಣ್ಣೆಯಲ್ಲಿ ಅದ್ದಿಟ್ಟರೆ ಕಪ್ಪು ಕೆಸರು ನಿಧಾನವಾಗಿ ತಳಕ್ಕಿಳಿದು ಒಂದೊಂದರಲ್ಲೂ ಏಳು ಉಕ್ಕಿನ ಗುಂಡುಗಳು ಹೊಳೆಯತೊಡಗುತ್ತವೆ; ಒರೆಸಿ ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ಒಂದೊಂದೇ ಹನಿ ಬಿಟ್ಟು, ಬೆರಳ ತುದಿಯಲ್ಲಿಟ್ಟು ತಿರುಗಿಸಿದರೆ ಮೊದಲಿನ ಗರಗರ ಸದ್ದು ಮಾಯ. ಸಮುದ್ರದ ಉಪ್ಪುಗಾಳಿಗೆ ತೀರ ತುಕ್ಕು ಹಿಡಿದವುಗಳನ್ನು ಎಸೆದು ಯಂತ್ರದ ಬಿಡಿಭಾಗಗಳ ಅಂಗಡಿಗಳಿರುವ ನಾಗದೇವಿ ಸ್ಟ್ರೀಟಿಗೆ ಹೋಗಬೇಕು. 608 ಎನ್ನುವ ಈ ಅಳತೆ, ಅಂದರೆ ಒಳಗೆ 8 ಮಿಲಿಮೀಟರ್, ಹೊರಗೆ 22, ದಪ್ಪ 7, ಸಣ್ಣಪುಟ್ಟ ಮೋಟಾರುಗಳಲ್ಲೂ ಬಳಕೆಯಲ್ಲಿರುವುದರಿಂದ ಸಿಗುವುದೇನೂ ಕಷ್ಟವಲ್ಲ. ಕಷ್ಟವಾಗುವುದು ಅಂಗಡಿಯವರು ಕನ್ನಡಕದ ಮೇಲಿನಿಂದ ನೋಡುತ್ತ "ಕೌನ್ಸಾ ಮಷೀನ್?" ಎಂದು ಕೇಳಿದಾಗ. ಡ್ರಿಲ್ ಎಂದು ಹೇಳಿಬಿಡುತ್ತೇನೆ.

ಇನ್ನು ಬೀಳುವುದು. ಹಲಗೆಯ ಬಾಲವನ್ನು ಹಿಂಗಾಲಿನಿಂದ ನೆಲಕ್ಕೆ ಹೊಡೆದು, ಅದು ಪುಟಿಯುವ ಕ್ಷಣದಲ್ಲೇ ಮುಂಗಾಲನ್ನು ಮರಳುಕಾಗದದಂತಹ ಮೇಲ್ಮೈಗೆ ಉಜ್ಜುತ್ತ ಮುಂದೊಯ್ದರೆ ಹಲಗೆ ಕಾಲಿಗಂಟಿಕೊಂಡೇ ಗಾಳಿಗೇರುತ್ತದೆ, ಇದು ಆಲಿ. 1970ರ ದಶಕದ ಕೊನೆಯಲ್ಲಿ ಅಲನ್ ಗೆಲ್ಫಂಡ್ ಎಂಬ ಹುಡುಗ ಇಳಿಜಾರಿನ ಗೋಡೆಗಳ ಮೇಲೆ ಇದನ್ನು ಸಾಧಿಸಿದ, ಮುಂದಿನ ದಶಕದಲ್ಲಿ ರಾಡ್ನಿ ಮಲ್ಲೆನ್ ಸಮನೆಲಕ್ಕೆ ಇಳಿಸಿದ. ಹದಿನೆಂಟರಲ್ಲಿ ನನ್ನ ಆಲಿ ಇಟ್ಟಿಗೆಯನ್ನು ದಾಟುತ್ತಿತ್ತು, ಈಗ ಇಟ್ಟಿಗೆಯನ್ನು ಮಲಗಿಸಿಡಬೇಕು. ಅಂಗೈ ಊರದೆ ಭುಜದ ಮೇಲೆ ಉರುಳಿಕೊಂಡು ಬೀಳುವ ಅಭ್ಯಾಸ ಮಾತ್ರ ಕೈಬಿಟ್ಟಿಲ್ಲ. ಬಿದ್ದದ್ದು ಎಷ್ಟು ನೋಯುತ್ತದೆಂಬುದು ಈಗ ಗೊತ್ತಾಗುವುದು ಮಂಗಳವಾರ.

ಇಷ್ಟಾದರೂ ಮನೆಯಲ್ಲಿ ಆಧಾರಸಹಿತ ವಾದವೊಂದು ಬೇಕಲ್ಲ! ಟೋಕಿಯೊ ಒಲಿಂಪಿಕ್ಸಿನಲ್ಲಿ ಈ ಆಟ ಮೊದಲ ಬಾರಿಗೆ ಸೇರಿದಾಗ ಚಿನ್ನ ಗೆದ್ದ ಮೊಮಿಜಿ ನಿಶಿಯಾಗೆ 13 ವರ್ಷವೆಂಬುದನ್ನು ನಾನಾಗಿ ಎತ್ತುವುದಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಬ್ರಿಟನ್ ಪರವಾಗಿ ಇಳಿದ ಆಂಡಿ ಮ್ಯಾಕ್‌ಡೊನಾಲ್ಡ್ ಅವರಿಗೆ 51 ಎಂಬುದನ್ನು ಮಾತ್ರ ಸಂದರ್ಭ ಒದಗಿದಾಗಲೆಲ್ಲ ಹೇಳುತ್ತೇನೆ. ಮೊನ್ನೆ ಭಾನುವಾರ ಹೊರಡುವಾಗಲೂ ಹೇಳಿದೆ. ಹೆಂಡತಿ ದೋಸೆಯ ಕಾವಲಿಯಿಂದ ತಲೆಯೆತ್ತದೆ, "ಅವರನ್ನು ಅವರ ದೇಶ ಕಳುಹಿಸಿತ್ತು. ನಿಮ್ಮನ್ನು ಯಾರು ಕಳುಹಿಸಿದರು?" ಎಂದಳು. ಉತ್ತರ ಹೊಳೆಯಲಿಲ್ಲ. ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು, ಹಳಿ ದುರಸ್ತಿಗೆಂದು ಲೋಕಲ್ ನಿಲ್ಲಿಸುವ ಭಾನುವಾರದ ಮೆಗಾಬ್ಲಾಕ್ ಶುರುವಾಗುವ ಮೊದಲು ಮರಳುತ್ತೇನೆಂದು ಹೇಳಿ ಲಿಫ್ಟಿನ ಬಾಗಿಲು ಎಳೆಯುತ್ತಿದ್ದಂತೆ, ಬರುವಾಗ ಮಾಟುಂಗಾದಲ್ಲಿ ಇಳಿದು ಮಂಗಳೂರು ಸೌತೆಯನ್ನೂ ಎರಡು ಕಟ್ಟು ಬಸಳೆಯನ್ನೂ ತರಬೇಕೆಂದು ಒಳಗಿನಿಂದ ಕೂಗು ಬಂತು.