ಹಲ್ಲು ಕೀಳಿಸಲು ಆಸ್ಪಿರಿನ್ ನಿಲ್ಲಿಸಬೇಡಿ: ಒಂದು ಸ್ಪಷ್ಟನೆ

‘ಹುಳುಕು ಹಲ್ಲಿನ ವಿಷ ನೇರ ಹೃದಯಕ್ಕೆ ಇಳಿದು ಹಾರ್ಟ್ ಅಟ್ಯಾಕ್ ಆಗುತ್ತದೆ. ಸ್ಟೆಂಟ್ ಹಾಕಿಸಿದವರು ಒಂದು ವಾರ ಆಸ್ಪಿರಿನ್ ನಿಲ್ಲಿಸಿ ಎಲ್ಲ ಹಲ್ಲು ಕೀಳಿಸಿ’ ಎಂಬ ವಾಟ್ಸಾಪ್ ಸಂದೇಶ ಮಂಡ್ಯ, ಮದ್ದೂರು ಕಡೆ ಹರಿದಾಡುತ್ತಿದೆ. ಇದರ ಎರಡನೇ ಮಾತು ಪ್ರಾಣಕ್ಕೇ ಕುತ್ತು.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮಾತ್ರೆಗಳನ್ನು ತಟ್ಟನೆ ನಿಲ್ಲಿಸಿದರೆ ಸ್ಟೆಂಟ್ (ಹೃದಯದ ರಕ್ತನಾಳವನ್ನು ತೆರೆದಿಡುವ ಪುಟ್ಟ ಜಾಲರಿ ಕೊಳವೆ) ಒಳಗೆ ರಕ್ತ ಹೆಪ್ಪುಗಟ್ಟಬಹುದು. ಹಲ್ಲು ಕಿತ್ತ ಜಾಗದ ರಕ್ತವನ್ನಾದರೋ ಗಾಜ್ ಬಟ್ಟೆ ಒತ್ತಿಟ್ಟು, ಬೇಕಾದರೆ ಹೊಲಿಗೆ ಹಾಕಿ ಸಾಮಾನ್ಯವಾಗಿ ನಿಲ್ಲಿಸಬಹುದು. ರಕ್ತ ತೆಳುಗೊಳಿಸುವ ವಾರ್ಫರಿನ್ ಅಥವಾ ಅಸಿಟ್ರಾಮ್ ಮಾತ್ರೆ ನುಂಗುವವರು ಐಎನ್‌ಆರ್ ಪರೀಕ್ಷೆಯ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ಅಳೆಯುವ ಪರೀಕ್ಷೆ) ಹೊಸ ವರದಿ ತೋರಿಸಬೇಕು. ಮಾತ್ರೆ ಬದಲಿಸುವ ತೀರ್ಮಾನ ಹೃದ್ರೋಗ ವೈದ್ಯರದೇ.

ಇನ್ನು ಮೊದಲ ಮಾತು. ವಸಡಿನ ರೋಗ ಇರುವವರಲ್ಲಿ ಹೃದ್ರೋಗ ಹೆಚ್ಚು ಕಾಣುತ್ತದೆ, ನಿಜ. ಆದರೆ ಹೊಗೆಸೊಪ್ಪು, ಸಕ್ಕರೆ ಕಾಯಿಲೆ ಈ ಎರಡೂ ರೋಗಗಳ ಅಪಾಯವನ್ನು ಹೆಚ್ಚಿಸುತ್ತವೆ. ವಸಡಿನ ಚಿಕಿತ್ಸೆಯಿಂದ ಹೃದಯಾಘಾತ ತಪ್ಪುತ್ತದೆ ಎಂಬುದು ಸಾಬೀತಾಗಿಲ್ಲ ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2012ರಲ್ಲೇ ಹೇಳಿದೆ.

ನಿಜವಾದ ನೇರ ಅಪಾಯ ಬೇರೆ: ಎಂಡೋಕಾರ್ಡೈಟಿಸ್, ಅಂದರೆ ಹೃದಯದ ಒಳಪೊರೆ ಮತ್ತು ಕವಾಟಗಳ ಸೋಂಕು. ಬಾಯಿಯ ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಕವಾಟದ ಮೇಲೆ ಕೂರುತ್ತದೆ. ಕೃತಕ ಕವಾಟ ಇರುವವರು, ಹಿಂದೆ ಈ ಸೋಂಕು ಬಂದವರು, ಕೆಲವು ಹುಟ್ಟು ಹೃದ್ರೋಗಿಗಳು ಹಲ್ಲು ಕೀಳಿಸುವ 30ರಿಂದ 60 ನಿಮಿಷ ಮೊದಲು ವೈದ್ಯರ ಚೀಟಿಯಂತೆ ಆಂಟಿಬಯೋಟಿಕ್ ತೆಗೆದುಕೊಳ್ಳಬೇಕು. ವಯಸ್ಕರಿಗೆ ಸಾಮಾನ್ಯವಾಗಿ ಅಮಾಕ್ಸಿಸಿಲಿನ್ 2 ಗ್ರಾಂ, ಒಂದೇ ಸಲ. ಪೆನಿಸಿಲಿನ್ ಅಲರ್ಜಿ ಇದ್ದರೆ ಮೊದಲೇ ಹೇಳಿ. ಬರೀ ಸ್ಟೆಂಟ್ ಇದ್ದವರಿಗೆ ಇದು ಬೇಡ.

ಹಲ್ಲು ನೋವಿನ ಜತೆ ಮುಖ ಊದಿ, ಜ್ವರ ಬಂದು, ನುಂಗಲು ಕಷ್ಟವಾದರೆ ಲವಂಗದೆಣ್ಣೆ ಹಚ್ಚಿಕೊಂಡು ಕೂರಬೇಡಿ, ಅಂದೇ ಆಸ್ಪತ್ರೆಗೆ ಹೋಗಿ.