ಬಿ ಖಾತಾ ಪೆನ್ ಡ್ರೈವ್

ಬೆಂಗಳೂರಿನಲ್ಲಿ ತಳ್ಳುಗಾಡಿಯ ಮೇಲೆ ಟೊಮೆಟೊ ಮಾರುವವನ ತಕ್ಕಡಿಗೂ ಸರ್ಕಾರದ ಮುದ್ರೆ ಬಿದ್ದಿರಬೇಕು. ಪೆಟ್ರೋಲ್ ಬಂಕಿನಲ್ಲಿ ಅನುಮಾನ ಬಂದವರು 5 ಲೀಟರಿನ ಅಳತೆ ಪಾತ್ರೆಗೆ ಹಾಕಿ ತೋರಿಸುವಂತೆ ಕೇಳಬಹುದು. ಇದಕ್ಕೆಂದೇ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಇದೆ, ಅದೇ ಹೆಸರಿನ ಇಲಾಖೆಯೂ ಇದೆ. ಇಷ್ಟೆಲ್ಲ ಕಾವಲಿರುವ ಊರಿನಲ್ಲಿ, ಹೆಬ್ಬೆರಳಿನಷ್ಟು ಪ್ಲಾಸ್ಟಿಕ್ಕಿನ ಮೇಲೆ ‘2 ಟಿಬಿ’ ಎಂದು ಅಚ್ಚು ಹಾಕಿ ಮುನ್ನೂರೈವತ್ತು ರೂಪಾಯಿಗೆ ಮಾರುವವನಿಗೆ ಮಾತ್ರ ‘ಎಲ್ಲಿ, ಅಳೆದು ತೋರಿಸಪ್ಪ’ ಎನ್ನುವವರು ಯಾರೂ ಇಲ್ಲ. ಪೊಟ್ಟಣ ಎನ್ನುವುದೊಂದು ಇದ್ದರೆ ಅದರ ಹಿಂಬದಿಯಲ್ಲಿ ನಿವ್ವಳ ಪ್ರಮಾಣವನ್ನು ನಿಯಮದಂತೆ ನಮೂದಿಸಿರುತ್ತಾರೆ: ಒಂದು. ಒಳಗೆ ನಿಜವಾಗಿಯೂ ಒಂದೇ ಪೆನ್ ಡ್ರೈವ್ ಇರುವುದರಿಂದ ಕಾನೂನಿಗೆ ಅಲ್ಲಿಗೆ ಸಮಾಧಾನವಾಗುತ್ತದೆ.

ಈ 2 ಟಿಬಿಯ, ಅಂದರೆ ಎರಡು ಸಾವಿರ ಜಿಬಿಯ, ಮಾಯೆಯನ್ನು ತಂತ್ರಜ್ಞಾನವೆಂದು ತಿಳಿದವರು ಬೆಂಗಳೂರಿಗೆ ಹೊಸಬರಿರಬೇಕು. ಅದು ಶುದ್ಧ ಸೈಟು ವ್ಯವಹಾರ, ಅದರಲ್ಲೂ ದಾಖಲೆ ಪೂರ್ತಿ ನೆಟ್ಟಗಿರದ ಬಿ ಖಾತಾ ಸೈಟಿನದು. ಪೆನ್ ಡ್ರೈವಿನೊಳಗೆ ಕಡತಗಳನ್ನು ಇಟ್ಟುಕೊಳ್ಳುವ ಫ್ಲಾಷ್ ಮೆಮೊರಿ ಚಿಪ್ ಒಂದಿರುತ್ತದೆ, ಅದರ ಲೆಕ್ಕಪತ್ರ ನೋಡಿಕೊಳ್ಳುವ ಕಂಟ್ರೋಲರ್ ಇನ್ನೊಂದಿರುತ್ತದೆ. ಜಾಗ ಎಷ್ಟಿದೆ ಎಂದು ಕಂಪ್ಯೂಟರ್ ಕೇಳುವುದು ಕಂಟ್ರೋಲರನ್ನು; ಅದು ಹೇಳಿದ್ದನ್ನು ಮರುಮಾತಿಲ್ಲದೆ ನಂಬುತ್ತದೆ. ಹಾಗಾಗಿ 16 ಜಿಬಿಯ ಚಿಪ್ಪನ್ನು ಕಾಯುವ ಕಂಟ್ರೋಲರಿಗೆ ‘2 ಟಿಬಿ ಇದೆ’ ಎಂದು ಹೇಳಲು ಕಲಿಸಿಬಿಟ್ಟರೆ ಬಡಾವಣೆ ಸಿದ್ಧವಾದಂತೆ. ಮೊದಲ 16 ಜಿಬಿಯವರೆಗೆ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ. ಆಮೇಲೆ ಬಂದ ಕಡತಗಳು ಹಳೆಯವುಗಳ ಮೇಲೆಯೇ ಕೂರುತ್ತವೆ, ಇಲ್ಲವೇ ಎಲ್ಲಿಯೂ ಕೂರದೆ ಗಾಳಿಗೆ ಹೋಗುತ್ತವೆ. ಆದರೆ ಕಡತಗಳ ಪಟ್ಟಿ ಅಸಲಿ ಜಾಗದಲ್ಲಿಯೇ ಉಳಿದಿರುವುದರಿಂದ ಹೆಸರು, ಗಾತ್ರ, ದಿನಾಂಕ ಎಲ್ಲವೂ ಅಚ್ಚುಕಟ್ಟಾಗಿ ಕಾಣಿಸುತ್ತವೆ. ಒಂದೇ 30×40 ಸೈಟನ್ನು ನಾಲ್ವರಿಗೆ ನೋಂದಣಿ ಮಾಡಿಸಿಕೊಟ್ಟಾಗ ನಾಲ್ವರ ಕೈಯಲ್ಲಿಯೂ ಕ್ರಯಪತ್ರ ಇರುತ್ತದೆ, ನಾಲ್ವರೂ ಹೋಳಿಗೆ ಹಂಚಿರುತ್ತಾರೆ. ಪಾಯ ತೆಗೆಯಲು ಹೋದ ದಿನ ತಾನೇ ವಿಷಯ ತಿಳಿಯುವುದು?

ಇದಕ್ಕಿಂತ ಸೋಜಿಗವೆಂದರೆ ನಮ್ಮ ಗ್ರಾಹಕರ ಸಿಟ್ಟು ಯಾರ ಮೇಲೆ ತಿರುಗುತ್ತದೆ ಎಂಬುದು. ಪ್ರಾಮಾಣಿಕವಾದ 64 ಜಿಬಿ ಡ್ರೈವನ್ನು ವಿಂಡೋಸ್ ಕಂಪ್ಯೂಟರಿಗೆ ಚುಚ್ಚಿದರೆ ಸುಮಾರು 59.6 ಜಿಬಿ ಎಂದು ತೋರಿಸುತ್ತದೆ. ತಯಾರಕರು ಸಾವಿರದ ಲೆಕ್ಕದಲ್ಲಿ ಗುಣಿಸಿ ಬರೆಯುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಭಾಗಿಸಿ ತೋರಿಸುತ್ತದೆ. ಜಾಗ ಎಲ್ಲಿಯೂ ಕಳುವಾಗಿರುವುದಿಲ್ಲ. ಸೂಪರ್ ಬಿಲ್ಟ್-ಅಪ್ ಏರಿಯಾಕ್ಕೂ ಕಾರ್ಪೆಟ್ ಏರಿಯಾಕ್ಕೂ ಇರುವ ಅಂತರವನ್ನು ಅಪಾರ್ಟ್‌ಮೆಂಟ್ ಕೊಳ್ಳುವಾಗ ನಗುನಗುತ್ತಾ ನುಂಗಿಕೊಂಡ ಮಹನೀಯರು ಇಲ್ಲಿ ಮಾತ್ರ ನಾಲ್ಕು ಜಿಬಿಗಾಗಿ ಅಂಗಡಿಯವನ ಕೊರಳಪಟ್ಟಿ ಹಿಡಿಯಲು ಹೋಗುತ್ತಾರೆ. ಅಸಲಿ 64 ಜಿಬಿಯೇ ನಾನೂರು ದಾಟಿರುವಾಗ ಅದರ ಮೂವತ್ತೊಂದು ಪಟ್ಟು ಜಾಗ ಅದಕ್ಕಿಂತ ಅಗ್ಗಕ್ಕೆ ಹೇಗೆ ಬಂತು ಎಂಬ ಭಾಗಾಕಾರವನ್ನು ಅದೇ ಮಹನೀಯರು ಮಾಡುವುದಿಲ್ಲ. ಮೂರನೆಯ ತರಗತಿಯ ಮಗ್ಗಿ ಸಾಕಾಗುವ ಈ ಲೆಕ್ಕ, ಹೊರ ವರ್ತುಲ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ಕೂತು ದಿನವಿಡೀ ದತ್ತಾಂಶ ವಿಶ್ಲೇಷಿಸುವವರಿಗೂ ರಿಯಾಯಿತಿ ಮಾರಾಟದ ದಿನ ಮರೆತುಹೋಗುತ್ತದೆ.

ಇನ್ನು ವೇಗದ ಮಾತು. ಪೆನ್ ಡ್ರೈವ್ ಚುಚ್ಚುವ ಕಿಂಡಿಯ ಮಾನದಂಡವಾಗಿ 2008ರಲ್ಲಿ ಯುಎಸ್‌ಬಿ 3.0 ಎಂದು ಬಂದದ್ದು ಮುಂದೆ 3.1 ಜೆನ್ 1 ಆಯಿತು, ಆಮೇಲೆ 3.2 ಜೆನ್ 1 ಆಯಿತು. ಗರಿಷ್ಠ ವೇಗ ಮಾತ್ರ ಅಂದಿಗೂ ಇಂದಿಗೂ ಸೆಕೆಂಡಿಗೆ 5 ಗಿಗಾಬಿಟ್. ಮಹಾನಗರ ಪಾಲಿಕೆ ಬೃಹತ್ ಆಗಿ, ಬೃಹತ್ ಈಗ ಗ್ರೇಟರ್ ಆಗಿರುವುದನ್ನು ಅದೇ ಗುಂಡಿಗಳ ಮೇಲೆ ಸ್ಕೂಟರ್ ಓಡಿಸುತ್ತಾ ನೋಡಿದ ನಾವು ಇದಕ್ಕೆ ಬೆರಗಾಗಬೇಕಿಲ್ಲ. ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ಬರೆದ ‘ಸೆಕೆಂಡಿಗೆ 130 ಎಂಬಿವರೆಗೆ’ ಎಂಬುದು ಬಹುಮಟ್ಟಿಗೆ ಓದುವ ವೇಗವಾಗಿರುತ್ತದೆ; ಬರೆಯುವ ವೇಗವನ್ನು ಹಲವು ತಯಾರಕರು ಹೇಳುವುದೇ ಇಲ್ಲ. ‘ವರೆಗೆ’ ಎಂದಿರುವ ತನಕ ಹತ್ತಕ್ಕೆ ನಿಂತರೂ ಅದು ಸುಳ್ಳಾಗುವುದಿಲ್ಲವಲ್ಲ.

ಗ್ರಾಹಕರ ಅಭಿಪ್ರಾಯ ಓದಿ ಕೊಳ್ಳುತ್ತೇವೆ ಎನ್ನುವ ಬುದ್ಧಿವಂತರಿದ್ದಾರೆ. ‘ಪ್ಯಾಕಿಂಗ್ ಸೂಪರ್, ಬೇಗ ಬಂತು, ಇನ್ನೂ ಬಳಸಿ ನೋಡಿಲ್ಲ’ ಎಂದು ಬರೆದು ಐದು ನಕ್ಷತ್ರ ಕೊಡುವ ಉದಾರಿಗಳ ಮೇಲೆ ಈ ವ್ಯಾಪಾರ ನಿಂತಿದೆ.

ಅದಕ್ಕಿಂತ ಉದಾರಿಗಳು ನಮ್ಮ ಮದುವೆ ಮನೆಯವರು. ಛತ್ರಕ್ಕೆ ಲಕ್ಷಗಟ್ಟಲೆ, ಡ್ರೋನಿಗೆ ಬೇರೆ, ಪ್ರೀ ವೆಡ್ಡಿಂಗಿಗೆ ನಂದಿ ಬೆಟ್ಟ; ಕೊನೆಗೆ ಅಷ್ಟೂ ಚಿತ್ರಗಳು ವಧೂವರರ ಹೆಸರು ಕೊರೆದ ತೇಗದ ಪೆಟ್ಟಿಗೆಯಲ್ಲಿ ಮಖಮಲ್ಲಿನ ಮೇಲೆ ಮಲಗಿದ ಒಂದು ಪೆನ್ ಡ್ರೈವ್ ಆಗಿ ಮನೆಗೆ ಬರುತ್ತವೆ. ಪೆಟ್ಟಿಗೆಯ ಮರ ಯಾವುದೆಂದು ಬೀಗರು ಮುಟ್ಟಿ ನೋಡುತ್ತಾರೆ. ಡ್ರೈವ್ ಯಾರು ಮಾಡಿದ್ದೆಂದು ಯಾರೂ ನೋಡುವುದಿಲ್ಲ. ಫ್ಲಾಷ್ ಮೆಮೊರಿ ದತ್ತಾಂಶವನ್ನು ವಿದ್ಯುದಾವೇಶದ ರೂಪದಲ್ಲಿ ಹಿಡಿದಿಟ್ಟುಕೊಳ್ಳುತ್ತದೆ, ಬಳಸದೆ ಇಟ್ಟರೆ ಆ ಆವೇಶ ವರ್ಷಗಳಲ್ಲಿ ನಿಧಾನವಾಗಿ ಸೋರುತ್ತದೆ. ಇನ್ನೊಂದು ಹಾರ್ಡ್ ಡಿಸ್ಕಿನಲ್ಲಿ ಪ್ರತಿ ಇಟ್ಟುಕೊಳ್ಳಿ ಎಂದರೆ, ‘ಅಷ್ಟು ಖರ್ಚು ಯಾಕೆ’ ಎಂಬ ಮಿತವ್ಯಯ ಆಗ ನೆನಪಾಗುತ್ತದೆ.

ಸೈಟಿಗೆ ತೆಗೆಸುವಂತೆ ಪೆನ್ ಡ್ರೈವಿಗೂ ಋಣಭಾರ ಪತ್ರ ತೆಗೆಸುವ ದಾರಿ ಇಲ್ಲವೆಂದಲ್ಲ. ವಿಂಡೋಸ್‌ಗೆ ಎಚ್‌2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ಗೆ ಎಫ್‌3 ಎಂಬ ಉಚಿತ ತಂತ್ರಾಂಶಗಳಿವೆ; ಡ್ರೈವ್ ಪೂರ್ತಿ ಬರೆದು, ಮರಳಿ ಓದಿ, ಹೇಳಿಕೊಂಡಷ್ಟು ಜಾಗ ಇದೆಯೇ ಎಂದು ತಾಳೆ ನೋಡುತ್ತವೆ. ಸೆಕೆಂಡಿಗೆ 10 ಎಂಬಿಯಂತೆ ಬರೆದರೆ 64 ಜಿಬಿ ತುಂಬಲು ಒಂದೂಮುಕ್ಕಾಲು ಗಂಟೆ ಬೇಕು. ಅದೇ ವೇಗದಲ್ಲಿ ಆ 2 ಟಿಬಿಯ ಸುಳ್ಳನ್ನು ಪೂರ್ತಿ ಅಳೆಯಲು ಎರಡು ದಿನವೂ ಸಾಲದು. ಆದ್ದರಿಂದ 64 ಅಥವಾ 128 ಜಿಬಿಯದನ್ನು, ಹೆಸರಿರುವ ತಯಾರಕರದನ್ನು, ಬಿಲ್ ಕೊಡುವ ಅಂಗಡಿಯಲ್ಲಿ ಕೊಂಡು, ಮನೆಗೆ ತಂದ ದಿನವೇ ಪರೀಕ್ಷಿಸುವುದು ಕ್ಷೇಮ. ತೊಡಕಿರುವುದು ‘ಬಿಲ್ ಕೊಡುವ ಅಂಗಡಿ’ ಎಂಬಲ್ಲಿ. ಎಂಆರ್‌ಪಿ ಎಂದರೆ ಎಲ್ಲ ತೆರಿಗೆ ಸೇರಿದ ಬೆಲೆ ಎಂದು ಪೊಟ್ಟಣದ ಮೇಲೆಯೇ ಬರೆದಿದ್ದರೂ, ಕೌಂಟರಿನಾಚೆಯಿಂದ ಬರುವ ಮಾತು ಊರಿಗೆಲ್ಲ ಬಾಯಿಪಾಠ: ‘ಬಿಲ್ ಬೇಕಾ ಸಾರ್? ಹದಿನೆಂಟು ಪರ್ಸೆಂಟ್ ಜಾಸ್ತಿ ಆಗತ್ತೆ. ಐದು ವರ್ಷ ವಾರಂಟಿ ಇದೆ, ಬಿಲ್ ಯಾಕೆ, ನಾನೇ ಇರ್ತೀನಲ್ಲ.’ ಅಂಗಡಿಯ ಬಾಡಿಗೆ ಕರಾರು ಹನ್ನೊಂದು ತಿಂಗಳದ್ದು.