ಚಳಿಗೆ ಬೀಳದ ಸೆಕೆಂಡ್ ಗೇರು

ಬೆಂಗಳೂರಿನ ಚಳಿ ಎಂದರೆ ಹೊರಗಿನವರು ನಗುತ್ತಾರೆ. ನಗಲಿ. ಈ ಊರಿನ ದಾಖಲೆ ಚಳಿಯೇ 7.8 ಡಿಗ್ರಿ, ಅದೂ 1884ರ ಜನವರಿಯದು. ಈಗ 15-16ಕ್ಕೆ ಇಳಿದರೆ ಸಾಕು, ಊರಿಗೆ ಊರೇ ಮಂಕಿ ಕ್ಯಾಪ್ ಹಾಕಿಕೊಂಡು ಹಾಲು ತರಲು ಹೊರಡುತ್ತದೆ. ನಮ್ಮ ಮನೆಯಲ್ಲಿ ಈ ಚಳಿಯನ್ನು ಎಲ್ಲರಿಗಿಂತ ಜಾಸ್ತಿ ಮನಸ್ಸಿಗೆ ಹಚ್ಚಿಕೊಂಡಿದ್ದು ನಮ್ಮ ಲಾರಿ.

ನಮ್ಮದು ಹನುಮಂತನಗರದಲ್ಲಿ ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವ ವ್ಯಾಪಾರ. ಧನುರ್ಮಾಸದಲ್ಲಿ ಮದುವೆಗಳಿಲ್ಲ. ಆ ಒಂದು ತಿಂಗಳು ನಮಗೆ ಅನ್ನ ಹಾಕುವುದು ದೇವಸ್ಥಾನಗಳೇ. ಧನುರ್ಮಾಸದ ದೇವರು ಬಹಳ ಬೇಗ ಏಳುತ್ತಾನೆ. ಹಾಗಾಗಿ ಇನ್ನೂ ಕತ್ತಲಿರುವಾಗಲೇ ಕಂಬ, ಬಟ್ಟೆ, ಹುಗ್ಗಿ ಮಾಡುವ ಕೊಳಗ ಎಲ್ಲ ಹೇರಿಕೊಂಡು ನಮ್ಮ ಪುಟ್ಟ ಲಾರಿ ಹೊರಡಬೇಕು. ಹೊರಡುತ್ತದೆ, ಫಸ್ಟ್ ಗೇರಿನಲ್ಲಿ. ಸೆಕೆಂಡ್ ಹಾಕಲು ಹೋದರೆ 'ಕರ್ರ್' ಅನ್ನುತ್ತದೆ. ಹನುಮಂತನಗರದ ಏರುಗಳು ಗೊತ್ತಲ್ವಾ? ಸೆಕೆಂಡ್ ಬೀಳುವಷ್ಟರಲ್ಲಿ ಗಾಡಿ ನಿಂತೇ ಹೋಗಿರುತ್ತದೆ. ಮತ್ತೆ ಫಸ್ಟ್. ಇಡೀ ಏರನ್ನು ಫಸ್ಟಿನಲ್ಲೇ ಗೋಳಾಡುತ್ತ ಹತ್ತಿದರೆ ಎರಡೂ ಕಡೆಯ ಮನೆಗಳಲ್ಲಿ ಲೈಟು ಹೊತ್ತಿಕೊಳ್ಳುತ್ತವೆ. ಸುಪ್ರಭಾತಕ್ಕೆ ಏಳದವರೂ ನಮ್ಮ ಲಾರಿಗೆ ಎದ್ದರು.

ಬಿಸಿಲೇರಿ ಗಾಡಿ ಒಂದಷ್ಟು ಓಡಿದ ಮೇಲೆ ಅದೇ ಸೆಕೆಂಡ್ ಗೇರು ಏನೂ ನಡೆದೇ ಇಲ್ಲವೆಂಬಂತೆ ಬೀಳುತ್ತದೆ. ಮೆಕ್ಯಾನಿಕ್ಕಿಗೆ ತೋರಿಸಲು ಹೋದರೆ ಆಗ ಎಲ್ಲ ಸರಿಯಾಗಿರುತ್ತದೆ. ಗೇರ್‌ಬಾಕ್ಸ್ ಇಂಜಿನ್ನಿನಷ್ಟು ಬೇಗ ಬಿಸಿಯಾಗುವುದಿಲ್ಲ, ಅದರೊಳಗೆ ಏನೂ ಉರಿಯುವುದಿಲ್ಲವಲ್ಲ. ನಾಲ್ಕಾರು ಕಿಲೋಮೀಟರ್ ಓಡಿದರೇನೇ ಒಳಗಿನ ಆಯಿಲ್ ಸ್ವಲ್ಪ ಸಡಿಲವಾಗುವುದು. ನಮ್ಮ ದೇವಸ್ಥಾನಗಳೋ, ಎಲ್ಲ ಎರಡು ಕಿಲೋಮೀಟರ್ ಒಳಗೇ.

"ದೃಷ್ಟಿ ಆಗಿದೆ ಸಾಮಿ" ಎಂದ ನಮ್ಮ ಡ್ರೈವರಣ್ಣ. ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಹತ್ತಿಸಿದ. ಜೊತೆಗೆ ಒಂದೊಂದು ಗೇರಿಗೂ ಎರಡೆರಡು ಸಲ ಕ್ಲಚ್ ತುಳಿಯುವ ಡಬಲ್ ಕ್ಲಚ್ಚನ್ನೂ ಹೊಡೆಯತೊಡಗಿದ. ಸ್ವಲ್ಪ ಸುಧಾರಿಸಿತು. ಕೀರ್ತಿ ನಿಂಬೆಹಣ್ಣಿಗೆ ಹೋಯಿತು.

ನಮ್ಮ ಮಾವ ನಿವೃತ್ತ ಫಿಟ್ಟರ್. ಅವರಿಗೆ ದೃಷ್ಟಿಯಲ್ಲಿ ನಂಬಿಕೆಯಿಲ್ಲ, ಇಂಜಿನ್ ಆಯಿಲಿನಲ್ಲಿದೆ. "ಗೇರ್‌ಬಾಕ್ಸಿಗೆ 40 ನಂಬರ್ ಇಂಜಿನ್ ಆಯಿಲ್ ಹಾಕಿಬಿಡಿ ಅಳಿಯಂದ್ರೇ. 90ಕ್ಕಿಂತ 40 ತೆಳು. ಇದಕ್ಕೇನು ದೊಡ್ಡ ಲೆಕ್ಕ?"

ಲೆಕ್ಕ ಅಲ್ಲೇ ಇರುವುದು. ಇಂಜಿನ್ ಆಯಿಲಿಗೆ ಒಂದು ಅಳತೆ, ಗೇರ್ ಆಯಿಲಿಗೆ ಇನ್ನೊಂದು. ಬಿಸಿಯಾದಾಗ ಇಂಜಿನ್ನಿನ 40, ಗೇರಿನ 90 ಎರಡೂ ಹೆಚ್ಚುಕಡಿಮೆ ಒಂದೇ ದಪ್ಪ. ಹೀಗೆಂದು ಹೇಳಿದೆ. ಮಾವ ನನ್ನನ್ನು ಮರುಕದಿಂದ ನೋಡಿದರು. ಕೆಲವು ಗೇರ್‌ಬಾಕ್ಸಿಗೆ ಕಂಪನಿಯೇ ಇಂಜಿನ್ ಆಯಿಲ್ ಹಾಕಿ ಅನ್ನುತ್ತದೆ, ಕೆಲವಕ್ಕೆ ಆಟೊಮ್ಯಾಟಿಕ್ ಗಾಡಿಗಳ ಕೆಂಪು ಆಯಿಲ್. ನಮ್ಮ ಗಾಡಿಯ ಪುಸ್ತಕ ಹುಡುಕಿ ತೆಗೆದು ತೋರಿಸಿದೆ: 80ಡಬ್ಲ್ಯು-90, ಜಿಎಲ್-4. ಮೊದಲನೆಯದು ದಪ್ಪದ ನಂಬರ್, ಎರಡನೆಯದು ಗೇರ್ ಆಯಿಲಿನ ದರ್ಜೆ.

"ಪುಸ್ತಕ ಬರೆದವನು ಹನುಮಂತನಗರ ನೋಡಿದಾನಾ?" ಎಂದರು ಮಾವ.

ಗಾಡಿ ಸಾಮಾನಿನ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹೋದೆವು. ಅಂಗಡಿಯವನು 75ಡಬ್ಲ್ಯು-90 ಸಿಂಥೆಟಿಕ್ ಡಬ್ಬಿ ತೆಗೆದು ಮೇಜಿನ ಮೇಲೆ ಕುಟ್ಟಿದ. "ಲಡಾಖಿನಲ್ಲೂ ಗೇರ್ ಬೀಳುತ್ತೆ ಸಾರ್." ಸುಳ್ಳಲ್ಲ. ಡಬ್ಲ್ಯು ಎಂದರೆ ಚಳಿಯ ಲೆಕ್ಕ. 75ಡಬ್ಲ್ಯು ಅನ್ನಿಸಿಕೊಳ್ಳಬೇಕಾದರೆ ಆಯಿಲ್ ಮೈನಸ್ 40 ಡಿಗ್ರಿಯಲ್ಲೂ ಒಂದು ಮಿತಿಗಿಂತ ಗಟ್ಟಿಯಾಗಬಾರದು. 80ಡಬ್ಲ್ಯುಗೆ ಆ ಪರೀಕ್ಷೆ ಮೈನಸ್ 26ರಲ್ಲಿ, 85ಡಬ್ಲ್ಯುಗೆ ಮೈನಸ್ 12ರಲ್ಲಿ. ಹನುಮಂತನಗರದಲ್ಲಿ ಮೈನಸ್ 40 ಆದ ದಿನ ಶಾಮಿಯಾನ ಕೇಳಲು ಯಾರು ಬರುತ್ತಾರೆ? ಹಾಗಂತ 75 ದಂಡ ಅಂತಲೂ ಅಲ್ಲ. ನಮ್ಮ ಬೆಳಗಿನ ಚಳಿಯಲ್ಲೂ ಅದು 80ಕ್ಕಿಂತ ಸ್ವಲ್ಪ ತೆಳುವಾಗಿಯೇ ಇರುತ್ತದೆ, ಗೇರು ಸ್ವಲ್ಪ ಸಲೀಸು. ಆದರೆ ಬೆಲೆ ಕೇಳಿ ಮಾವನಿಗೇ ಚಳಿ ಹತ್ತಿತು.

ಅವನ ಡಬ್ಬಿಯ ಮೇಲಿದ್ದದ್ದು ಜಿಎಲ್-5. "ನಾಲ್ಕಕ್ಕಿಂತ ಐದು ದೊಡ್ಡದು ಸಾರ್!" ನಮ್ಮ ಜನಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ. ನಿಜ ಏನೆಂದರೆ, ಜಿಎಲ್-5ರಲ್ಲಿ ಗಂಧಕ, ರಂಜಕ ಸೇರಿದ ರಾಸಾಯನಿಕ ಜಾಸ್ತಿ. ಹಿಂದಿನ ಆಕ್ಸಲಿನ ಹಲ್ಲುಚಕ್ರಗಳಾದ ಕ್ರೌನು ಪಿನಿಯನ್ನಿಗೆ ಅದು ಬೇಕೇ ಬೇಕು. ಗೇರ್‌ಬಾಕ್ಸಿನಲ್ಲಿ ಕಥೆ ಬೇರೆ. ಗೇರ್ ಬೀಳುವ ಮುಂಚೆ ಒಂದು ಹಿತ್ತಾಳೆಯ ರಿಂಗು ಗೇರನ್ನು ಉಜ್ಜಿ ಹಿಡಿದು, ಎರಡರ ವೇಗವನ್ನೂ ಸಮಕ್ಕೆ ತರಬೇಕು. ಆಯಿಲ್ ಜಾರುವುದು ಹೆಚ್ಚಾದರೆ ರಿಂಗಿಗೆ ಹಿಡಿತ ಸಿಗುವುದಿಲ್ಲ. ಗಟ್ಟಿಯಾಗಿದ್ದರೆ ನಡುವಿನಿಂದ ಆಯಿಲ್ ಬೇಗ ಸರಿಯುವುದಿಲ್ಲ, ಆಗಲೂ ಹಿಡಿತ ಇಲ್ಲ. ಸಾಲದ್ದಕ್ಕೆ ಕೆಲವು ಜಿಎಲ್-5 ಆಯಿಲುಗಳು ಹಿತ್ತಾಳೆಯನ್ನೇ ತಿನ್ನುತ್ತವೆ. ನಾನು ಜಿಎಲ್-4ಕ್ಕೇ ಪಟ್ಟು ಹಿಡಿದೆ. ಪುಸ್ತಕ ಹೇಳಿದ್ದ 80ಡಬ್ಲ್ಯು-90 ಡಬ್ಬಿಗಳನ್ನೇ ಹೊತ್ತು ತಂದೆವು.

ಬದಲಾಯಿಸುವ ಕೆಲಸ ನಮ್ಮ ಗೋಡೌನಿನಲ್ಲೇ. ಡ್ರೈವರಣ್ಣ ಗಾಡಿ ಕೆಳಗೆ ನುಗ್ಗಿ ಸೀದಾ ಕೆಳಗಿನ ಪ್ಲಗ್ಗಿಗೆ ಸ್ಪ್ಯಾನರ್ ಹಾಕಿದ. ಮಾವ ಕೂಗಿದರು: "ಮೊದಲು ಮೇಲಿಂದು, ಆಯಿಲ್ ತುಂಬೋ ಪ್ಲಗ್ಗು ಬಿಚ್ಚಯ್ಯಾ! ಇರೋ ಆಯಿಲ್ ಸುರಿದು ಆಮೇಲೆ ಮೇಲಿಂದು ಬಿಚ್ಚೋಕೆ ಬರದೇ ಇದ್ರೆ? ನಾಳೆ ಕೊಳಗ ತಲೆ ಮೇಲೆ ಹೊರ್ತೀಯಾ?" ಮಾವನ ಇಡೀ ಉಪದೇಶದಲ್ಲಿ ಬಂಗಾರದಂಥ ಮಾತು ಇದೊಂದೇ. ಮೇಲಿನ ಪ್ಲಗ್ಗು ನಿಜಕ್ಕೂ ಅರ್ಧ ಗಂಟೆ ಸತಾಯಿಸಿತು.

ಆಮೇಲೆ ಕೆಳಗಿನದು ಬಿಚ್ಚಿದರೆ ಆಯಿಲ್ ಬರಲೊಲ್ಲದು. ನಿಧಾನವಾಗಿ, ಕರಿಯ ಜೋನಿಬೆಲ್ಲದ ಹಾಗೆ, ಒಂದೇ ಎಳೆಯಾಗಿ ಇಳಿಯಿತು. 90 ನಂಬರ್ ಹೀಗಿರುವುದಿಲ್ಲ. ಎಲ್ಲರೂ ಮುಖ ಮುಖ ನೋಡಿಕೊಂಡೆವು.

"ಅದು 140 ಸಾಮಿ" ಎಂದಿತು ಗಾಡಿ ಕೆಳಗಿನಿಂದ ದನಿ. "ಹೋದ ಬೇಸಿಗೇಲಿ ಗೇರ್‌ಬಾಕ್ಸು ಗುಯ್ ಅಂತಿತ್ತಲ್ಲ, ಸದ್ದು ಅಡಗಲಿ ಅಂತ ಮೆಕ್ಯಾನಿಕ್ಕು ಹಾಕಿದ್ದ. ನಾನು ಹೇಳಿರಲಿಲ್ವಾ?"

ಹೇಳಿರಲಿಲ್ಲ. ನಿಂಬೆಹಣ್ಣು, ಇಂಜಿನ್ ಆಯಿಲ್, ಲಡಾಖ್ ಎಲ್ಲ ಮುಗಿದ ಮೇಲೆ ಈಗ ಹೇಳಿದ. ಸವೆದ ಗೇರ್‌ಬಾಕ್ಸಿನ ಬಾಯಿ ಮುಚ್ಚಿಸಲು ದಪ್ಪ ಆಯಿಲ್ ಸುರಿಯುವುದು ಹಳೇ ಚಾಳಿ. ಮಾರ್ಚ್, ಏಪ್ರಿಲ್‌ನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಧನುರ್ಮಾಸದಲ್ಲಿ ಬಣ್ಣ ಬಯಲಾಗುತ್ತದೆ.

ಪ್ಲಗ್ಗಿನ ಅಯಸ್ಕಾಂತಕ್ಕೆ ಬೂದು ಬಣ್ಣದ ಕೆಸರು ಅಂಟಿತ್ತು. ಅದು ಮಾಮೂಲಿ ಕಬ್ಬಿಣದ ಪುಡಿ. ಮಾವ ಟಾರ್ಚ್ ಹಿಡಿದು ಹಳೇ ಆಯಿಲನ್ನು ಬೆರಳಲ್ಲಿ ತಿಕ್ಕಿದರು. ಸಣ್ಣಗೆ ಹಳದಿ ಮಿಂಚು. "ನೋಡಿ, ಹಿತ್ತಾಳೆ. ರಿಂಗು ಸವೀತಾ ಇದೆ. ಆಯಿಲ್ ಒಂದು ಸೀಸನ್ ಎಳೆಯುತ್ತೆ. ಆಮೇಲೆ ಬಾಕ್ಸ್ ಇಳಿಸಲೇಬೇಕು." ಅದನ್ನು ನನ್ನ ಹೆಂಡತಿಯ ಎದುರು ಹೇಳಬಾರದಿತ್ತು. ಗೇರ್‌ಬಾಕ್ಸಿನ ದುಡ್ಡನ್ನು ಅವಳು ಆಗಲೇ ಬೇರೆ ಯಾವುದಕ್ಕೋ ಎತ್ತಿಟ್ಟಿದ್ದಳು.

ಹೊಸ ಆಯಿಲ್ ಸುರಿಯುವಾಗ ಲಾಳಿಕೆಯ ಪೈಪ್ ಡ್ರೈವರಣ್ಣನ ಕೈಯಿಂದ ಜಾರಿತು. ತೂತಿನಿಂದ ಆಯಿಲ್ ತೊಟ್ಟಿಕ್ಕುವವರೆಗೆ ತುಂಬಬೇಕು ಎನ್ನುತ್ತಾರೆ. ಗೇರ್‌ಬಾಕ್ಸಿಗಿಂತ ಮೊದಲು ನನ್ನ ಸ್ವೆಟರಿನಿಂದ ತೊಟ್ಟಿಕ್ಕಿತು. ಗೇರ್ ಆಯಿಲಿನ ವಾಸನೆ ಗೊತ್ತಿಲ್ಲದವರು ಪುಣ್ಯವಂತರು. ಆ ಗಂಧಕದ ಗಬ್ಬು ಕೊಳೆತ ಮೊಟ್ಟೆಯನ್ನೂ ನಾಚಿಸುತ್ತದೆ.

ಮಾರನೆಯ ದಿನ ವೈಕುಂಠ ಏಕಾದಶಿ. ಏರಿನಲ್ಲಿ ಸೆಕೆಂಡ್ ಬಿತ್ತು. ಸ್ವಲ್ಪ ಮುನಿಸಿಕೊಂಡೇ, ಆದರೂ ಬಿತ್ತು. "ನಿಂಬೆಹಣ್ಣು ಈಗ ಕೆಲಸ ಮಾಡ್ತಾ ಇದೆ ಸಾಮಿ" ಎಂದ ಡ್ರೈವರಣ್ಣ. ಇಂಜಿನ್ ಆಯಿಲ್ ಆಗಿದ್ದರೆ ಇನ್ನೂ ಚೆನ್ನಾಗಿ ಬೀಳುತ್ತಿತ್ತು ಎಂದು ಮಾವ. ಶಾಮಿಯಾನ ಹಾಕಿ ಮುಗಿಸಿ ನಾವೂ ಕ್ಯೂನಲ್ಲಿ ನಿಂತೆವು. ನನ್ನ ಇನ್ನೊಂದು ಸ್ವೆಟರ್ ಒಗೆಯಲು ಹಾಕಿದ್ದರಿಂದ ಮೈಮೇಲೆ ಆಯಿಲ್ ಬಿದ್ದ ಸ್ವೆಟರೇ ಇತ್ತು. ಮುಂದಿದ್ದವರು ಮೂಗು ಮುಚ್ಚಿ ತಿರುಗಿ ಮಾವನನ್ನು ನೋಡಿದರು. ವಯಸ್ಸಾದವರ ಮೇಲೆ ಅನುಮಾನ ಬೇಗ ಬರುತ್ತದೆ.

"ನಂದಲ್ಲ ಸ್ವಾಮಿ, ನಮ್ಮ ಅಳಿಯಂದ್ರದು" ಎಂದರು ಮಾವ ಗಟ್ಟಿಯಾಗಿ. "ಜಿಎಲ್-4."

ಅದು ಯಾವ ಕಾಯಿಲೆ ಎಂದುಕೊಂಡರೋ, ವೈಕುಂಠದ ಬಾಗಿಲ ತನಕ ದಾರಿ ಬಿಟ್ಟರು.